ಪದವಿ ದಿನದ ಉಡಿ

ಭಾಷಣ ಕೇಳುವುದರಲ್ಲಿ ನನ್ನಷ್ಟು ಪಳಗಿದವರು ನಮ್ಮ ಕಡೆ ಕಡಿಮೆ. ಬಸವನ ಬಾಗೇವಾಡಿಯಲ್ಲಿ ಓದಿದೆ, ಇಂಡಿಯಲ್ಲೂ ಮುದ್ದೇಬಿಹಾಳದಲ್ಲೂ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಪಾಠ ಮಾಡಿದೆ, ಕೊನೆಗೆ ಸಿಂದಗಿಯ ಕಾಲೇಜೊಂದರಲ್ಲಿ ಕಾಯಂ ಆದೆ. ಎಲ್ಲಿಗೆ ಹೋದರೂ ವರ್ಷಕ್ಕೊಂದು ಪದವಿ ದಿನ, ಪದವಿ ದಿನಕ್ಕೊಬ್ಬರು ಮುಖ್ಯ ಅತಿಥಿ. ಅವರನ್ನು ಸಭೆಗೆ ಪರಿಚಯಿಸುವ ಕೆಲಸ ಹೇಗೋ ನನ್ನ ಕೊರಳಿಗೇ ಬೀಳುತ್ತಿತ್ತು. ನನ್ನ ದನಿ ದೊಡ್ಡದು, ಮೈಕು ಕೈಕೊಟ್ಟರೂ ನಡೆಯುತ್ತದೆ ಎನ್ನುವುದೊಂದೇ ಕಾರಣ.

ಇಂಡಿಯಲ್ಲಿ ಒಬ್ಬರು ಊಟದ ಹೊತ್ತು ಮೀರಿದ ಮೇಲೆ ಬಂದು ಸಮಯಪಾಲನೆಯ ಮಹತ್ವ ಹೇಳಿದರು. ಹಿಂದಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು, ಅವರ ಕಣ್ಣಿಗೆ ಅದು ಬೀಳಲಿಲ್ಲ. ಮುದ್ದೇಬಿಹಾಳದಲ್ಲಿ ಇನ್ನೊಬ್ಬರು ಅದೇ ಸಂಜೆ ಹಾಲು ಉತ್ಪಾದಕರ ಸಭೆಗೆ ಹೋಗಬೇಕಿತ್ತು. ಆ ಸಭೆಯ ಹಾಳೆಯನ್ನು ನಮ್ಮ ಮುಂದೆ ತೆಗೆದು, ಎಮ್ಮೆಯ ಹಾಲಿನ ಗುಣಗಾನವನ್ನು ಅರ್ಧ ಪುಟ ಓದಿ, "ಇದು ಇಲ್ಲೀದಲ್ಲ" ಎಂದು ನಕ್ಕು ಕೂತುಬಿಟ್ಟರು. ಅವರೇ ವಾಸಿ, ಬೇಗ ಮುಗಿಸಿದರು. ಚಡಚಣದ ಕಡೆಯ ದ್ರಾಕ್ಷಿ ತೋಟದ ಸಾಹೇಬರೊಬ್ಬರು ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದಾಗ ಮರಾಠಿಗೆ ಹೊರಳಿ, ತಣ್ಣಗಾದ ಮೇಲೆ ಮತ್ತೆ ಕನ್ನಡಕ್ಕೆ ಬಂದು ಮುಗಿಸಿದರು. ಸಿಟ್ಟು ಯಾರ ಮೇಲೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಭಾಷಣದಿಂದ ಯಾರೂ ಉದ್ಧಾರವಾಗುವುದಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದರೆ ಅದು ಇಂಥವರ ಕೃಪೆ. ಆ ತೀರ್ಮಾನ ಬಿದ್ದುಹೋದದ್ದು ಕೆಲವು ವರ್ಷಗಳ ಹಿಂದೆ, ಸಿಂದಗಿಯಲ್ಲಿ.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿದೆ. ಪದವಿ ದಿನ ಮುಖ್ಯ ಅತಿಥಿಗಳು ಹುಡುಗರಿಗೆ ಪ್ರಮಾಣಪತ್ರದ ಜೊತೆ ಟೊಪ್ಪಿಗೆ, ಟಾವೆಲ್ ಕೊಡುತ್ತಾರೆ. ಹುಡುಗಿಯರಿಗೆ ಉಡಿ ತುಂಬುತ್ತಾರೆ. ಮಗಳು ತವರಿನಿಂದ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಕುಬಸ ಹೊಲಿಸಲು ಖಣದ ಬಟ್ಟೆ ಹಾಕಿ ಕಳಿಸುತ್ತಾಳಲ್ಲ, ಹಾಗೆ. ಕಾಲೇಜೂ ಒಂದು ತವರು, ಬರಿಗೈಲಿ ಕಳಿಸಬಾರದು ಎಂದು ಹಿಂದೆ ಯಾರೋ ಶುರು ಮಾಡಿದ್ದು. ಅದಕ್ಕೇ ಅವತ್ತು ಹುಡುಗಿಯರೆಲ್ಲ ಸೀರೆ ಉಟ್ಟು ಬರುತ್ತಾರೆ. ಜೀನ್ಸಿನವಳೂ ಅಮ್ಮನ ಇಳಕಲ್ ಸೀರೆಗೆ ಹತ್ತು ಪಿನ್ನು ಚುಚ್ಚಿಕೊಂಡು, ಎಡವುತ್ತ, ನಗುತ್ತ ವೇದಿಕೆ ಹತ್ತುತ್ತಾಳೆ. ನನಗೆ ಇಡೀ ಕಾರ್ಯಕ್ರಮದಲ್ಲಿ ಇಷ್ಟವಾಗುತ್ತಿದ್ದದ್ದು ಇದೊಂದೇ.

ಆ ವರ್ಷ ಪದವಿ ಮುಗಿಸಿದವರಲ್ಲಿ ಕನ್ನೊಳ್ಳಿಯ ಒಬ್ಬ ಹುಡುಗಿ ಇದ್ದಳು. ಎರಡನೇ ವರ್ಷದಲ್ಲಿದ್ದಾಗ ಝಳಕಿಗೆ ಮದುವೆ ಮಾಡಿ ಕೊಟ್ಟಿದ್ದರು. ಹೆದ್ದಾರಿಯ ಬದಿಗೆ ಗಂಡನ ಟಾಯರ್ ಅಂಗಡಿ. ಅದೇ ಹೆದ್ದಾರಿಯಲ್ಲಿ, ಅಂಗಡಿ ಮುಚ್ಚಿ ಬೈಕಿನಲ್ಲಿ ಮನೆಗೆ ಹೋಗುವಾಗ ಆತ ತೀರಿಕೊಂಡ. ಹುಡುಗಿ ತಾಯಿಯ ಮನೆಗೆ ಮರಳಿದಳು, ಕೆಲವು ತಿಂಗಳ ಮೇಲೆ ತರಗತಿಗೂ ಮರಳಿದಳು. ಮೊದಲು ಕಿಟಕಿಯ ಪಕ್ಕ ಕೂತು ಪಿಸುಗುಡುತ್ತಿದ್ದವಳು ಈಗ ಮುಂದಿನ ಬೆಂಚಿಗೆ ಬಂದು, ನನ್ನ ತಲೆ ತಿನ್ನುವಷ್ಟು ಪ್ರಶ್ನೆ ಕೇಳತೊಡಗಿದಳು. ಕೊನೆಯ ಪರೀಕ್ಷೆಯಲ್ಲಿ ಇತಿಹಾಸಕ್ಕೆ ಅವಳದೇ ಹೆಚ್ಚು ಅಂಕ.

ಪದವಿ ದಿನಕ್ಕೆ ವಾರವಿರುವಾಗ ಸಿದ್ಧತೆಯ ಸಭೆ ಸೇರಿತು. ಉಡಿಯ ಸಾಮಾನಿನ ಉಸ್ತುವಾರಿ ಆಡಳಿತ ಮಂಡಳಿಯ ಅಧ್ಯಕ್ಷರ ಹೆಂಡತಿಯದು. ಕೆಟ್ಟವರಲ್ಲ, ಹುಡುಗಿಯರ ಮೇಲೆ ಪ್ರೀತಿ ಇದ್ದವರೇ. ಮೆಲ್ಲಗೆ ಮಾತು ತೆಗೆದರು:

"ಆಕೀಗೆ ಪದವಿ ಕೊಡೂನ್ರಿ, ಬ್ಯಾಡ ಅಂದವ್ರ ಯಾರು? ಉಡಿ ಮಾತ್ರ ಬ್ಯಾಡ. ಗಂಡ ಸತ್ತಾಕಿಗೆ ಉಡಿ ತುಂಬೂ ಪದ್ಧತಿ ನಮ್ಮಲ್ಲಿ ಇಲ್ಲ."

"ತವರಿನ ಉಡಿ ಅಂತ ನೀವ ಹೇಳ್ತೀರಲ್ರಿ" ಎಂದೆ. "ತವರಿಗೆ ಆಕಿ ಮಗಳಲ್ಲೇನು?"

"ಮೇಡಂ, ನೀವು ಇತಿಹಾಸ ಕಲಿಸ್ರಿ. ಇದನ್ನ ನಮಗ ಬಿಡ್ರಿ."

ನನಗೆ ಮೈಯೆಲ್ಲ ಉರಿಯಿತು. ಒಂದಕ್ಕೆ ಎರಡು ಮಾತಾಡಿದೆ. ಉಳಿದವರು ಚಹಾ ಕಪ್ಪಿನೊಳಗೆ ನೋಡುತ್ತ ಕೂತರು, ಅಲ್ಲಿಗೆ ನಾನು ಸೋತೆ.

ಸುದ್ದಿ ಹುಡುಗಿಗೆ ಮುಟ್ಟಲು ಎಷ್ಟು ಹೊತ್ತು? ಮರುದಿನ ಅವಳೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ನೀವ್ಯಾಕ ಜಗಳಾ ಮಾಡ್ತೀರಿ ಮೇಡಂ? ನಾ ಅವತ್ತ ಸೀರಿ ಉಡಂಗಿಲ್ಲರಿ, ಡ್ರೆಸ್ ಹಾಕ್ಕೊಂಡ ಬರ್ತೇನಿ. ಸೆರಗ ಇಲ್ಲಂದ್ರ ಉಡಿ ಮಾತ ಬರಂಗಿಲ್ಲ."

"ನಿನಗ ಬ್ಯಾಡೇನು?"

"ಬೇಕ್ರಿ. ಮೊದಲನೇ ವರ್ಷ ಅಕ್ಕಗೋಳು ಉಡಿ ತುಂಬಿಸ್ಕೊಂಡು ಹೋಗೂದ ನೋಡಿದಾಗಿಂದ ಆಸೆ ಐತಿ. ಆದ್ರ ಬ್ಯಾರೇದವ್ರು ಬ್ಯಾಡ ಅನ್ನೂಕಿಂತ ಮೊದಲ ನಾನ ಬ್ಯಾಡ ಅಂದಬಿಟ್ರ ಚಲೋ ಅಲ್ರಿ?"

ಇಪ್ಪತ್ತೊಂದರ ಹುಡುಗಿ ಇಷ್ಟು ಲೆಕ್ಕ ಹಾಕಿ ಬದುಕಬೇಕಾಯಿತಲ್ಲ.

ಆ ಸಲದ ಮುಖ್ಯ ಅತಿಥಿ ನೀರಾವರಿಯ ಹಿರಿಯ ಎಂಜಿನಿಯರ್, ಬಾಗೇವಾಡಿ ತಾಲೂಕಿನ ಹಳ್ಳಿಯ ಹೆಣ್ಣುಮಗಳು. ಕಾರಿನಿಂದ ಇಳಿದಾಗ ನೋಡಿದೆ: ಕಾಸಗಲದ ಕುಂಕುಮ, ಕೈತುಂಬ ಹಸಿರು ಬಳೆ, ಕಾಲಲ್ಲಿ ಮಾತ್ರ ಧೂಳು ಹಿಡಿದ ಬೂಟು. ದಾರಿಯಲ್ಲಿ ಯಾವುದೋ ಕಾಲುವೆಯ ಗೇಟು ನೋಡಲು ಇಳಿದಿದ್ದರಂತೆ. ಜೊತೆಗೆ ಗಂಡ, ನಿವೃತ್ತ ಶಾಲಾ ಮಾಸ್ತರರು. ಹೆಂಡತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಆರಾಮಾಗಿ ಕೂತರು. ನಾನು "ಸಾಧನೆಯ ಶಿಖರ" ಮುಂತಾದ ಹಳೆಯ ಸರಕನ್ನೆಲ್ಲ ಹಾಕಿ ಪರಿಚಯ ಮುಗಿಸಿ, ಇನ್ನೊಂದು ಭಾಷಣಕ್ಕೆ ಮೈ ಗಟ್ಟಿ ಮಾಡಿಕೊಂಡೆ.

ಅವರು ಪುಸ್ತಕದ ಕನ್ನಡಕ್ಕೆ ಹೋಗಲೇ ಇಲ್ಲ.

"ನಾ ಕೆಲಸಕ್ಕ ಸೇರಿದಾಗ ಮುದ್ದೇಬಿಹಾಳ ಕಡೆ ಒಬ್ಬ ಅಜ್ಜ ಕೇಳಿದಾ, ನದಿ ತೆಳಗ ಐತಿ, ನಮ್ಮೂರ ಮ್ಯಾಲ ಐತಿ, ನೀರ ಹೆಂಗ ಬರತೈತಿ ತಂಗಿ ಅಂತ. ಮೋಟಾರು ನೀರನ್ನ ಒಮ್ಮೆ ಎತ್ತಿ ಇಡತೈತಿ. ಮುಂದಿನ ದಾರಿ ನೀರು ತಾನ ನಡೀಬೇಕು. ಅದಕ್ಕ ನಾವು ಕೊಡೂದು ಒಂದೀಟ ಇಳಿಜಾರು. ಕಾಲುವಿ ದಂಡಿ ಮ್ಯಾಲ ನಿಂತ ನೋಡಿದ್ರೂ ಕಣ್ಣಿಗೆ ಕಾಣಂಗಿಲ್ಲ, ಅಷ್ಟ ಸಣ್ಣದು. ಅದನ್ನ ನಾ ಹಾಳಿ ಮ್ಯಾಲ ಬರದಿದ್ದೆ. ಮೊದಲನೇ ನೀರ ಬಿಟ್ಟ ದಿನ ನೀರಿನ ಕೂಡ ನಡದೆ. ಮೊದಲನೇ ನೀರು ಓಡಿ ಬರಂಗಿಲ್ಲ. ಒಣ ಕಾಲುವ್ಯಾಗ ಕಸಾ, ಎಲಿ, ಇರುವಿ ಎಲ್ಲಾ ಮುಂದ ಮಾಡ್ಕೊಂಡು, ಬುರುಗು ಉಗುಳಕೋತ, ಮನಷ್ಯಾ ನಡದಂಗ ಬರತೈತಿ. ನನ್ನ ಲೆಕ್ಕ ತಪ್ಪಿದ್ರ ಎಲ್ಲೋ ಒಂದ ಕಡೆ ನಿಲ್ಲಬೇಕು. ಎದಿ ಡವಡವ ಅನ್ನಾಕತ್ತಿತ್ತು. ಆ ಅಜ್ಜನ ಊರ ಬಂತು. ನೀರು ನಿಲ್ಲಲಿಲ್ಲ, ನನ್ನ ದಾಟಿ ಮುಂದ ಹೋತು. ಓದಿದ್ದು ಖರೇ ಆಗೂದನ್ನ ನೀವೂ ಒಮ್ಮೆ ಕಣ್ಣಲೇ ನೋಡ್ರಿ. ಇಷ್ಟ ನನ್ನ ಮಾತು."

ಕೂತುಬಿಟ್ಟರು. ಚಪ್ಪಾಳೆ ತಟ್ಟಬೇಕೆಂದು ಸಭೆಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನಂತೂ ಬಾಯಿ ತೆರೆದು ನಿಂತಿದ್ದೆ. ನಮ್ಮ ಬಸ್ಸು ದಿನಾ ದಾಟುವ ಕಾಲುವೆಯ ಮೊದಲ ನೀರಿನ ಜೊತೆ ಹೀಗೊಬ್ಬಳು ಹೆಣ್ಣುಮಗಳು ನಡೆದಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಪದವಿ ಕೊಡುವುದು ಶುರುವಾಯಿತು. ನಾನು ಅವರ ಪಕ್ಕದಲ್ಲಿ ನಿಂತು ಉಡಿಯ ತಟ್ಟೆ ಮುಂದೆ ಮಾಡುತ್ತಿದ್ದೆ. ಹೆಸರು ಕೂಗುವವರು ನಮ್ಮ ಕನ್ನಡದ ಮಾಸ್ತರರು, ಮಾತಿಗೆ ತೂಕ ಇರಬೇಕು ಎನ್ನುವ ಮನುಷ್ಯ. ಮದುವೆಯಾಗದವರಿಗೆ ಕುಮಾರಿ, ಆದವರಿಗೆ ಸೌಭಾಗ್ಯವತಿ ಎಂದು ಸೇರಿಸಿ ರಾಗವಾಗಿ ಕೂಗುತ್ತಿದ್ದರು. ಕನ್ನೊಳ್ಳಿಯ ಹುಡುಗಿಯ ಸರದಿ ಬಂದಾಗ ಅದೇ ರಾಗದಲ್ಲಿ "ಸೌಭಾಗ್ಯವತಿ" ಎಂದು ಅವಳ ಹೆಸರೂ ಕೂಗಿಬಿಟ್ಟರು. ಗಂಡ ಇರುವವಳಿಗೆ ಮಾತ್ರ ಹೇಳುವ ಮಾತು. ಬಾಯಿಂದ ಹೊರಬಿದ್ದ ಕೂಡಲೇ ಅವರಿಗೇ ಗೊತ್ತಾಗಿ ನಾಲಿಗೆ ಕಚ್ಚಿಕೊಂಡರು. ಸಭೆ ತಣ್ಣಗಾಯಿತು.

ಹುಡುಗಿ ಬಂದಳು. ಸೀರೆಗಳ ಸಾಲಿನಲ್ಲಿ ಅವಳೊಬ್ಬಳದೇ ಚೂಡಿದಾರ. ಮುಂಬಾಗಿಲಲ್ಲಿ ಎಲ್ಲ ಹುಡುಗಿಯರಿಗೆ ಕುಂಕುಮ ಹಚ್ಚಿ ಒಳಗೆ ಬಿಡುತ್ತಿದ್ದರಿಂದ ಅವಳು ಹಿಂಬಾಗಿಲಿಂದ ಬಂದಿದ್ದಳು. ಪ್ರಮಾಣಪತ್ರಕ್ಕೆ ಎರಡೂ ಕೈ ಚಾಚಿದಳು. ಅತಿಥಿಗಳ ಬೊಗಸೆಯಲ್ಲಿ ಆಗಲೇ ಅಕ್ಕಿ ಇತ್ತು.

"ಉಡಿ ಒಡ್ಡವಾ."

"ನನಗ ಬ್ಯಾಡ್ರಿ ಮೇಡಂ. ಬರೇ ಪತ್ರ ಕೊಡ್ರಿ."

ಹಿಂದಿನ ಕುರ್ಚಿಯಿಂದ ಅಧ್ಯಕ್ಷರ ಹೆಂಡತಿ ಬಾಗಿ ಪಿಸುಗುಟ್ಟಿದರು, "ಆಕೀ ಗಂಡ ತೀರ್ಕೊಂಡಾನ್ರಿ."

ಅತಿಥಿಗಳು ಅಕ್ಕಿಯನ್ನು ತಟ್ಟೆಗೆ ಮರಳಿ ಹಾಕಲಿಲ್ಲ. ತಿರುಗಿ ಕೇಳಿದರು, "ಈ ಉಡಿ ನೀವು ಯಾಕ ತುಂಬತೀರಿ?"

"ತವರಮನಿಯವ್ರು ಮಗಳಿಗೆ ಕೊಟ್ಟಂಗ್ರಿ."

"ಹಂಗಾದ್ರ ಅಳಿಯಾ ಇದ್ರೇನು, ಇರದಿದ್ರೇನು? ಮಗಳಂತೂ ಮುಂದ ನಿಂತಾಳ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸದ ಜಾಗದಲ್ಲಿ ಯಾರೋ ತಪ್ಪು ಅಳತೆ ಹೇಳಿದಾಗ ತಿದ್ದುವ ದನಿ. ಮತ್ತೆ ಹುಡುಗಿಯ ಕಡೆ ತಿರುಗಿದರು. "ವೇಲ್ ಐತಲ್ಲ. ಒಡ್ಡು."

ಹುಡುಗಿ ನನ್ನ ಮುಖ ನೋಡಿದಳು. "ಒಡ್ಡಬೇ!" ಎಂದೆ. ಮೈಕಿಲ್ಲದೆಯೂ ಇಡೀ ಸಭೆಗೆ ಕೇಳಿಸಿತು.

ಅವಳು ಕೊರಳಿನ ವೇಲನ್ನು ಎಳೆದು ಎರಡೂ ಕೈಯಲ್ಲಿ ಹರಡಿದಳು. ಅಕ್ಕಿ ಬಿತ್ತು. ಕೊಬ್ಬರಿ, ಉತ್ತತ್ತಿ, ಅರಿಶಿಣ, ಖಣ, ಕೊನೆಗೆ ಪದವಿಯ ಪತ್ರ. ಅವಳ ಹಿಂದೆ ನಿಂತಿದ್ದ ಹುಡುಗಿ ಮೂಗು ಒರೆಸಿಕೊಂಡಳು. ಇಷ್ಟಾದರೆ ಸಾಕು, ದೇವರು ದೊಡ್ಡವನು ಎಂದುಕೊಂಡೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ.

ಎಲ್ಲರಿಗೂ ಕೊಟ್ಟಾದ ಮೇಲೆ, ಹೆಣ್ಣುಮಗಳು ಅತಿಥಿಯಾಗಿ ಬಂದಿದ್ದರೆ ಅವರಿಗೂ ಕುಂಕುಮ ಹಚ್ಚಿ ಉಡಿ ತುಂಬಿ ಗೌರವಿಸುವುದು ನಮ್ಮ ಕ್ರಮ. ಅಧ್ಯಕ್ಷರ ಹೆಂಡತಿ ತಟ್ಟೆ ಹಿಡಿದು ಎದ್ದರು. ಅತಿಥಿಗಳು ಕೈ ಅಡ್ಡ ಮಾಡಿ, "ಸಿಟ್ಟಾಗಬ್ಯಾಡ್ರಿ ಅಕ್ಕಾರ, ನನಗ ಆ ವೇಲಿನ ಹುಡುಗಿ ತುಂಬಲಿ" ಎಂದರು.

ವಿಧವೆಗೆ ಉಡಿ ತುಂಬುವುದೇ ಒಂದು, ವಿಧವೆಯ ಕೈಯಿಂದ ಮುತ್ತೈದೆ ಕುಂಕುಮ ಹಚ್ಚಿಸಿಕೊಳ್ಳುವುದೇ ಬೇರೊಂದು. ಹಾಗೆ ಮಾಡಿದರೆ ಗಂಡನ ಆಯುಷ್ಯಕ್ಕೆ ಕುತ್ತು ಎಂದು ನಂಬಿದ ಊರು ನಮ್ಮದು. ವಾದ ಮಾಡುವಾಗ ಬಾಯಿ ಜೋರು ಮಾಡುವ ನನಗೇ ಆ ಕ್ಷಣ ಎದೆ ಝಲ್ಲೆಂದಿತು. ಹೆಂಗಸರ ಕಣ್ಣೆಲ್ಲ ಮುಂದಿನ ಸಾಲಿನಲ್ಲಿದ್ದ ಆ ಗಂಡನ ಮೇಲೆ.

ಹುಡುಗಿಯನ್ನು ಗೆಳತಿಯರು ತಳ್ಳಿಕೊಂಡು ಬಂದರು. ಕುಂಕುಮದ ಬಟ್ಟಲಿನವರೆಗೆ ಹೋದ ಅವಳ ಬೆರಳು ಅಲ್ಲೇ ನಿಂತಿತು. ಅವಳೂ ಅತಿಥಿಗಳ ಗಂಡನನ್ನೇ ನೋಡಿದಳು. ಅವರು ಚೀಲವನ್ನು ಪಕ್ಕದ ಕುರ್ಚಿಗೆ ಇಟ್ಟು ಎದ್ದರು. ಕಿಸೆಯಿಂದ ಮೊಬೈಲು ತೆಗೆದರು.

"ತಡಿಯವಾ ತಂಗಿ, ಫೋಟೋ ತಕ್ಕೋತೇನಿ. ಸ್ವಲ್ಪ ಈ ಕಡೆ ಹೊಳ್ಳು, ನಿನ್ನ ಮಾರಿ ಕಾಣವಲ್ದು."

ಅತಿಥಿಗಳು ಬಾಗಿ ಹಣೆಯನ್ನು ಅವಳ ಕೈಗೇ ತಂದುಕೊಟ್ಟರು. ಹುಡುಗಿ ಗಡಿಬಿಡಿಯಲ್ಲಿ ಹಚ್ಚುವಾಗ ಅರ್ಧ ಕುಂಕುಮ ಅವರ ಮೂಗಿನ ಮೇಲೆ ಬಿತ್ತು. "ಹಣೀಗೆ ಹಚ್ಚಂದ್ರ ಮೂಗಿಗೂ ಹಚ್ಚಿದೇನು!" ಎಂದು ಅವರು ನಕ್ಕರು. ಸಭೆಯೆಲ್ಲ ನಕ್ಕಿತು. ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದ ಅಧ್ಯಕ್ಷರ ಹೆಂಡತಿ ನಿಧಾನವಾಗಿ ಹತ್ತಿರ ಬಂದು, ಹುಡುಗಿಯ ಕೈಗೆ ಒಂದೊಂದೇ ಸಾಮಾನು ಎತ್ತಿ ಕೊಡತೊಡಗಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಇವತ್ತಿಗೂ ನಾನು ಅವರ ಮೇಲಿನ ಸಿಟ್ಟನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಆ ಕೈಗಳು ಮುಂದೆ ಬಂದದ್ದು ಖರೆ. ಆ ಹೊತ್ತಿನ ಬೆರಗನ್ನು ಬರೆದು ಮುಗಿಸುವ ಶಕ್ತಿ ನನಗಿಲ್ಲ. ಅಷ್ಟು ವರ್ಷ ಕೇಳಿದ ಭಾಷಣಗಳೆಲ್ಲ ಸೇರಿದರೂ ಆ ಬಾಗಿದ ಹಣೆಯ ತೂಕಕ್ಕೆ ಬರಲಿಲ್ಲ.

ಕಾರ್ಯಕ್ರಮ ಮುಗಿದು ಊಟಕ್ಕೆ ಕೂತೆವು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ. ಹುಡುಗಿ ನನ್ನ ಪಕ್ಕದಲ್ಲೇ ಕೂತಳು. ಉಡಿಯನ್ನು ವೇಲಿನಲ್ಲೇ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸಭೆಯ ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದ ಅವಳ ತಾಯಿ ನಮ್ಮನ್ನು ಹುಡುಕಿಕೊಂಡು ಬಂದಳು. ಆ ಗಂಟನ್ನು ಮುಟ್ಟಿ ನೋಡಿ, ಬಹಳ ಹೊತ್ತಿನಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು. ತವರಿನ ಅಕ್ಕಿಯನ್ನು ಮಗಳು ತಾನು ಹೋಗುವ ಮನೆಗೆ ಒಯ್ದು ಅಲ್ಲಿ ಬೇಯಿಸಬೇಕು, ತವರಿನಲ್ಲಿ ಉಳಿಸಬಾರದು ಎಂಬುದು ನಮ್ಮ ಕಡೆಯ ರೂಢಿ.

"ಝಳಕಿಗಂತೂ ಹೋಗಂಗಿಲ್ಲ. ಈ ಅಕ್ಕಿ ಯಾವ ಮನಿಗೆ ಒಯ್ಬೇಕ್ರಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹುಗ್ಗಿಯ ಕೈ ನೆಕ್ಕುತ್ತ, ತಲೆ ಎತ್ತದೆ ಹೇಳಿದಳು:

"ವಿಜಯಪುರಕ್ಕ ಒಯ್ತೇನಿ ಯವ್ವಾ. ಬಿ.ಎಡ್. ಓದಾಕ ಅಲ್ಲಿ ರೂಮ್ ಮಾಡ್ತೇನಲ್ಲ, ಮೊದಲನೇ ದಿನ ಇದರದ ಅನ್ನಾ ಮಾಡ್ತೇನಿ. ನೀನೂ ಬಾ ಉಣ್ಣಾಕ."

ತಾಯಿ ಮಗಳ ಮಡಿಲಿನಿಂದ ಗಂಟನ್ನು ಎತ್ತಿಕೊಂಡು, ದಾರಿಯಲ್ಲಿ ಒಂದು ಕಾಳೂ ಉದುರದಂತೆ, ಅದರ ಮೇಲೆ ಇನ್ನೊಂದು ಗಂಟು ಬಿಗಿದಳು.