ಮಗ್ಗ ನಿಂತಾಗ ಬರುತ್ತಿದ್ದ ಬೆಕ್ಕು

ಇದನ್ನು ಬರೆಯಲು ಕುಳಿತಾಗಲೆಲ್ಲ ಪಕ್ಕದ ಮನೆಯ ಅಕ್ಕನ ಬಲಗೈ ತೋರುಬೆರಳು ಕಣ್ಣೆದುರು ಬಂದು ನಿಲ್ಲುತ್ತಿತ್ತು. ನೂಲು ಹರಿದು ಹರಿದು ಅದರಲ್ಲೊಂದು ಗೀರು ಬಿದ್ದಿತ್ತು; ಬಣ್ಣ ಆ ಗೀರಿನೊಳಗೆ ಇಳಿದು ನೀಲಿಯಾಗಿ ಉಳಿದಿತ್ತು. ನಾನು ಪೆನ್ನು ಕೆಳಗಿಡುತ್ತಿದ್ದೆ. ಇನ್ನೂ ಮುಂದೂಡಿದರೆ ಹೇಳಲು ನಾನೇ ಇರುವುದಿಲ್ಲ.

ಬನಹಟ್ಟಿಯಲ್ಲಿ ನಮ್ಮಿಬ್ಬರ ಪವರ್‌ಲೂಮ್ ಖೋಲಿಗಳ ನಡುವೆ ಒಂದೇ ಗೋಡೆ. ಗಂಡ ತೀರಿದ ಮೇಲೆ ಅಕ್ಕ ಒಬ್ಬರೇ ನಾಲ್ಕು ಮಗ್ಗ ನಡೆಸುತ್ತಿದ್ದರು. ಗಂಜಿ ಹಾಕಿದ ನೂಲೆಂದರೆ ಇಲಿಗಳಿಗೆ ಹಬ್ಬದೂಟ. ಅದಕ್ಕಾಗಿ ಒಂದು ಕಂದು ಬೆಕ್ಕು ಸಾಕಿದ್ದರು. ತಿಂಗಳಿಗೊಮ್ಮೆ ಅದನ್ನು ಬುಟ್ಟಿಯಲ್ಲಿ ಕೂರಿಸಿ ನೂಲಿನ ತಕ್ಕಡಿಯಲ್ಲಿ ತೂಗುವರು. ಆಮೇಲೆ ಆ ಬೆರಳಿನಿಂದ ಅದರ ಪಕ್ಕೆ ಸವರಿ, "ಎಲುಬು ಕೈಗೆ ಹತ್ತಬೇಕು, ಕಣ್ಣಿಗೆ ಬೀಳಬಾರ್ದು. ಅಂದ್ರ ಬೆಕ್ಕು ಛಲೋ ಐತಿ" ಎನ್ನುವರು.

ಅದೇ ಬೆರಳು ಒಂದು ದಿನ ನಾನು ನೇಯ್ದ ಸೀರೆಯ ಮೇಲೆ ಬಂತು. ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರರ ಗಾದಿಯ ಮುಂದೆ, ಹತ್ತು ಜನ ನೇಕಾರರ ಎದುರಿಗೆ.

"ತಮ್ಮಾ, ಎಳಿ ಬಿಟ್ಟೈತಿ ನೋಡು. ಸೆರಗಿನತನಕ ಹಂಗ ಹೋಗೇತಿ."

"ಮಗ್ಗ ನೇಯ್ತಿತ್ತು, ಇಂವ ಮಲಗಿದ್ದ," ಎಂದ ಒಬ್ಬ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ಮದುವೆ ಸುಗ್ಗಿಯ ಸೀರೆಗಳ ಕೆಲಸ ನನ್ನ ಕೈ ತಪ್ಪಿ ಅವರಿಗೆ ಹೋಯಿತು.

ಇವರ ಮಗ್ಗವನ್ನು ಇವರ ಬೆಕ್ಕಿನಿಂದಲೇ ಕೆಡಿಸಬೇಕು ಎಂದು ಅಂದೇ ನಿಶ್ಚಯಿಸಿದೆ.

ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು, ಜನ ಮುಂದಿನ ಕಟ್ಟೆಗೆ ಬರುತ್ತಿದ್ದರು. ಆಗ ನಾನು ನಮ್ಮ ಹಿತ್ತಲ ಕಲ್ಲಿನ ಮೇಲೆ ಎಮ್ಮೆ ಹಾಲಿನ ಕೆನೆ, ತುಪ್ಪ ಸವರಿದ ಚಪಾತಿ ಇಡುತ್ತಿದ್ದೆ. ಎರಡೇ ತಿಂಗಳಲ್ಲಿ ಬೆಕ್ಕಿನ ಹೊಟ್ಟೆ ಜೋತುಬಿತ್ತು. ನೂಲು ಸುತ್ತಿದ ಬೀಮಿನ ಮೇಲೆ ಜಿಗಿಯಲು ಹೋಗಿ ಅದು ದೊಪ್ಪನೆ ಬಿದ್ದಾಗ ನನಗಾದ ಸಂತೋಷ ನೆನೆದರೆ ಈಗ ಹೇಸಿಗೆ, ಆಗ ಸಕ್ಕರೆ.

ತಾವೇ ಹೆಚ್ಚು ಹಾಕಿದೆವೆಂದು ಅಕ್ಕ ಹಾಲು ಕಡಿಮೆ ಮಾಡಿದರು. ತೂಕ ಇಳಿಯಲಿಲ್ಲ. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಜಮಖಂಡಿಯ ದನದ ಡಾಕ್ಟರ ಬಳಿ ಹೋಗಿ ಬಂದರು.

"ರೋಗ ಏನಿಲ್ಲಂತ. ಬ್ಯಾರೆ ಯಾರೋ ಹಾಕಾಕತ್ತಾರ ಅಂದ್ರು. ಒಮ್ಮೆಲೇ ಉಪಾಸ ಕೆಡವಿದ್ರ ಬೆಕ್ಕಿನ ಲಿವರ್ ಕೆಡ್ತೈತಂತ, ಸಾವಕಾಶ ಇಳಸಬೇಕಂತ. ತಮ್ಮಾ, ನೀ ಏನರ ಹಾಕ್ತೀಯೇನು?"

"ನನಗ್ಯಾಕ ಬೇಕ್ರಿ ಅಕ್ಕಾರ ನಿಮ್ಮ ಬೆಕ್ಕು? ಅನ್ನದ ಆಣಿ."

ಆ ವಾರವೇ ಇಲಿಗಳು ಅವರ ಬೀಮು ಕಡಿದವು. ಅಕ್ಕ ಮೂರು ದಿನ ಕುಳಿತು ಎಳೆಗೆ ಎಳೆ ಗಂಟು ಹಾಕಿದರೂ ಸೀರೆಗಳು ಸುಗ್ಗಿಗೆ ಮುಟ್ಟಲಿಲ್ಲ. ಕೆಲಸ ಹೋಯಿತು. ಎರಡು ಮಗ್ಗ ಬಿಚ್ಚಿ ಮಾರಿಬಿಟ್ಟರು. ನಾನು ಗೋಡೆಗೆ ಕಿವಿಯಿಟ್ಟು, ಎರಡೇ ಮಗ್ಗದ ಸದ್ದು ಎಂದು ಖಾತ್ರಿ ಮಾಡಿಕೊಂಡೆ. ಅಷ್ಟು ಇಂಪಾದ ಸದ್ದು ನಾನು ಕೇಳಿರಲಿಲ್ಲ.

ನನ್ನ ಕೆಲಸ ಆಯಿತೆಂದು ಕೆನೆ ನಿಲ್ಲಿಸಿದೆ. ಅಕ್ಕ ವಾರವಾರಕ್ಕೂ ಒಂದೊಂದು ಚಮಚ ಇಳಿಸಿ, ದಾರಕ್ಕೆ ನೂಲು ಸುತ್ತುವ ಖಾಲಿ ಕಂಡಕಿ ಕಟ್ಟಿ ಎಳೆದಾಡಿ ಬೆಕ್ಕನ್ನು ಓಡಿಸಿದರು. ಅದು ಮೊದಲಿನಂತಾಯಿತು. ಅಷ್ಟರಲ್ಲಿ ಇಲಿಗಳು ನನ್ನ ಖೋಲಿಗೆ ದಾಟಿದ್ದವು. ಕಡಿದ ಬೀಮಿನ ಮುಂದೆ ತಲೆ ಹಿಡಿದು ಕುಳಿತಿದ್ದಾಗ ಅಕ್ಕ ಬೆಕ್ಕನ್ನೆತ್ತಿಕೊಂಡು ಬಂದರು.

"ಇಲಿಗೆ ನಿನ್ನ ಗ್ವಾಡಿ ನನ್ನ ಗ್ವಾಡಿ ಇರೂದಿಲ್ಲ. ನಾಕ ದಿನ ಇದನ್ನ ಇಟ್ಕೋ."

ಆಗಲೇ ಕರೆಂಟು ಹೋಯಿತು. ಮಗ್ಗಗಳು ನಿಂತವು. ಬೆಕ್ಕು ಅವರ ತೋಳಿನಿಂದ ಜಿಗಿದು, ನೇರವಾಗಿ ಹಿತ್ತಲಿಗೆ ಹೋಗಿ ಆ ಕಲ್ಲಿನ ಮೇಲೆ ಕುಳಿತು, ನನ್ನನ್ನು ನೋಡಿ ಮಿಯಾಂವ್ ಎಂದಿತು. ಅಕ್ಕ ಕಲ್ಲಿನ ಮೇಲೆ ಜಿಡ್ಡುಗಟ್ಟಿದ ತುಪ್ಪದ ಕಲೆಯನ್ನು ನೋಡಿದರು. ನನ್ನನ್ನು ನೋಡಿದರು.

"ದಾರಿ ಗೊತ್ತೈತಿ ಇದಕ್ಕ," ಎಂದರು.

ಬೆಕ್ಕನ್ನು ಮರಳಿ ಒಯ್ಯುತ್ತಾರೆಂದುಕೊಂಡೆ. ಒಯ್ಯಲಿಲ್ಲ. ಬಾಗಿಲಲ್ಲಿ ನಿಂತು, "ಎಲುಬು ಕೈಗೆ ಹತ್ತಬೇಕು. ಮರೀಬ್ಯಾಡ" ಎಂದಷ್ಟೇ ಹೇಳಿ ಹೋದರು.

ಆಮೇಲೆ ಏಳೆಂಟು ವರ್ಷ ಅವರು ಆ ಗೋಡೆಯ ಆಚೆಗೇ ಇದ್ದರು. ದಿನಾ ಕರೆಂಟು ಹೋಗುತ್ತಿತ್ತು, ದಿನಾ ಒಂದೇ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನಾನು ಬಾಯಿ ತೆರೆಯಲಿಲ್ಲ.

ಅವರು ತೀರಿಕೊಂಡ ದಿನ ಓಣಿಯವರೆಲ್ಲ ಮಗ್ಗ ನಿಲ್ಲಿಸಿದರು. ಹಿತ್ತಲಿಗೆ ಹೋದರೆ ಆ ಮುದಿ ಬೆಕ್ಕು ಕಲ್ಲಿನ ಮೇಲೆ ಬಂದು ಕುಳಿತಿತ್ತು. ಪಕ್ಕೆ ಸವರಿದೆ. ಎಲುಬು ಕೈಗೆ ಹತ್ತಿತು. ತಪ್ಪಾಯಿತು ಎಂದು ನಾನು ಹೇಳಿದ್ದು ಆ ಬೆಕ್ಕಿಗೆ. ಹೇಳಬೇಕಾಗಿದ್ದುದು ಅಕ್ಕನಿಗೆ.