ಮಜ್ಜಿಗೆ ಕುಡಿದು ಹೋದವರಿಗೆ ಹೇಳಿದ ಮಾತು

ಲಾವಣ್ಯಾ, ಹರ್ಷಾ,

ನಾನು ಇಲ್ಲಿಗೆ ಬಂದ ಮರುದಿನ ಬೆಳಿಗ್ಗೆ ನಿಮ್ಮ ಶೋಭತ್ತೆ ಅಡುಗೆಕಟ್ಟೆಗೆ ಒರಗಿ ಫೋನಿನಲ್ಲಿ ಮಾತನಾಡುತ್ತಿದ್ದಳು. "ಹೌದು ಸರ್, ತುಂಬಾ ಸಂತೋಷ ಸರ್, ಖಂಡಿತ ಮಾಡ್ತೀನಿ ಸರ್." ದನಿಯಲ್ಲಿ ನಗು, ಕಣ್ಣಲ್ಲಿ ನೀರು. ಹಾಗೆ ನಗುತ್ತಾ ಅಳುವವರನ್ನು ನಮ್ಮೂರಿನಲ್ಲಿ ನಾನು ಹೆಣ್ಣು ಒಪ್ಪಿಸುವಾಗ ಮಾತ್ರ ನೋಡಿದ್ದೆ. ಫೋನ್ ಇಟ್ಟು ಮುಖ ತೊಳೆದುಕೊಂಡು, "ಏನಿಲ್ಲಮ್ಮ, ಕೆಲ್ಸ" ಅಂದಳು.

ಆ ಕೆಲಸಕ್ಕೆ ಪಿ.ಆರ್. ಎನ್ನುತ್ತಾರೆ. ಒಂದು ಕಂಪನಿಯ ಬಗ್ಗೆ ಜನ ಒಳ್ಳೆಯದನ್ನೇ ಅಂದುಕೊಳ್ಳುವಂತೆ ನೋಡಿಕೊಳ್ಳುವುದು. ಆ ಕಂಪನಿಗೆ ಕ್ಲೈಂಟ್ ಎಂದು ಹೆಸರು. ಅತ್ತೆಯ ಆಫೀಸು ಬೆಂಗಳೂರಿನಲ್ಲಿ; ಅವಳ ಕ್ಲೈಂಟ್ ವೇಮಗಲ್ ಕಡೆಯ ಒಂದು ಕಾರ್ಖಾನೆ. ಅದಕ್ಕೇ ಅವಳನ್ನು ಇಲ್ಲಿ ಇರಿಸಿದ್ದಾರೆ. ಮೊದಲೆಲ್ಲ ಪತ್ರಿಕೆಯವರಿಗೆ ಸುದ್ದಿ ಬರೆದುಕೊಟ್ಟರೆ ಕೆಲಸ ಮುಗಿಯುತ್ತಿತ್ತಂತೆ. ಈಗ ಬರೆಯುವುದನ್ನು ಕಂಪ್ಯೂಟರೇ ಬರೆಯುತ್ತದೆ. ಇವಳು ವಿಡಿಯೋ ಮಾಡಿಸಬೇಕು, ವಾಟ್ಸ್ಆಪ್ ಗುಂಪುಗಳಲ್ಲಿ ಯಾರು ಏನು ಬೈದರೆಂದು ತಟ್ಟೆಯ ಮುಂದೆ ಕೂತಾಗಲೂ ನೋಡುತ್ತಿರಬೇಕು. ಜೊತೆಯವರು ಸಾಕಾಗಿ ಬಿಟ್ಟುಹೋದ ಮೇಲೆ ಅವರ ಪಾಲಿನದೂ ಇವಳ ತಲೆಗೇ ಬಂತು. ಅವಳು ಬಸ್ಸಿನಲ್ಲಿ ತಲೆ ಸುತ್ತಿ ಬಿದ್ದಳೆಂದು ತಿಳಿದಾಗ ನಾನು ಬಟ್ಟೆ ಗಂಟು ಕಟ್ಟಿ ಹೊರಟಿದ್ದು ನಿಮಗೆ ನೆನಪಿರಬೇಕು.

ನಮ್ಮೂರು ಕುರುಡುಮಲೆಯಿಂದ ಇದೇನು ಪರದೇಶವೇ ಎಂದು ನೀವು ನಗಬಹುದು. ಆದರೂ ನನಗೆ ಪರದೇಶವೇ. ನಮ್ಮಲ್ಲಿ ಹಗಲು ಹೊತ್ತು ಬಾಗಿಲು ಹಾಕಿದ್ದರೆ ಯಾರಿಗೋ ಹುಷಾರಿಲ್ಲ ಎಂದರ್ಥ. ಇಲ್ಲಿ ಸಾಲುಮನೆಗಳ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ರಾತ್ರಿ ಪಾಳಿ ಮುಗಿಸಿದ ಎಲ್ಲೆಲ್ಲಿಂದಲೋ ಬಂದ ಹುಡುಗರು ಒಳಗೆ ಮಲಗಿರುತ್ತಾರೆ. ಅಂಗಡಿಯವನಿಗೆ ಹಿಂದಿ ಬಿಟ್ಟು ಬೇರೆ ಬಾರದು. ಸಾಸಿವೆಗೆ ಅವನು ರಾಯಿ ಎನ್ನುತ್ತಾನೆ. ನಮ್ಮ ಮನೆಯ ತೆಲುಗಿನಲ್ಲಿ ರಾಯಿ ಎಂದರೆ ಕಲ್ಲು. ಅಂತೂ ನಾನೊಬ್ಬಳೇ ಹೋಗಿ ಕಲ್ಲು ಕೇಳಿ ಸಾಸಿವೆ ತಂದೆ. ಆ ದಿನದ ಒಗ್ಗರಣೆ ನನಗೆ ಬಹಳ ರುಚಿಸಿತು.

ಎದುರು ಮನೆಯ ಮುನಿರತ್ನಮ್ಮ ಈ ಊರಿನವಳೇ. ಹಿಪ್ಪುನೇರಳೆ ತೋಟವಿದೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆಯಿದೆ. ನಿಮ್ಮ ತಾತ ಹೋದ ಮೇಲೆ ನಾನು ಯಾರ ಜಗಲಿಯಲ್ಲೂ ಕೂತವಳಲ್ಲ. ಅವಳು ತೆಲುಗಿನಲ್ಲಿ "ರಾ ಅಕ್ಕ, ಕೂಚೋ" ಎಂದು ಕೈಹಿಡಿದು ಕೂರಿಸಿದಳು. ದಿನವೂ ಹಾಲು ತಂದು ಕೊಡುತ್ತಿದ್ದಳು. ನಾನು ಹೋಗಿ ಹುಳುಗಳ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದೆ.

ಒಂದು ದಿನ ಹುಳುಮನೆಯಲ್ಲಿ ಹುಳುಗಳು ಎಲೆ ಮೆಲ್ಲುವ ಸದ್ದೇ ಇರಲಿಲ್ಲ.

"ನೋಡಕ್ಕ, ಎಲೆ ಮೇಲೆ ಬೂದಿ ಕೂತದೆ. ತೊಳೆದು ಒಣಗ್ಸಿ ಹಾಕಿದ್ರೂ ಮೂತಿ ತಿರುಗಿಸ್ತಾವೆ" ಅಂದಳು. ಸಂಜೆಯಾದರೆ ಕಾರ್ಖಾನೆಯ ಕಡೆಯಿಂದ ಗಂಟಲು ಕೆರೆಯುವ ವಾಸನೆ ಬರುವುದು ನನಗೂ ಗೊತ್ತಿತ್ತು. ಸತ್ತ ಹುಳುಗಳನ್ನು ನಾವಿಬ್ಬರೂ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹಾಕಿದೆವು.

ಆಮೇಲೆ ಒಂದು ಮಧ್ಯಾಹ್ನ ಅತ್ತೆಯ ಆಫೀಸಿನವರು ಕ್ಯಾಮೆರಾ ಹಿಡಿದು ಬಂದರು. ಅವಳು ಮನೆಯಲ್ಲಿರಲಿಲ್ಲ. ಬಿಸಿಲಲ್ಲಿ ಬಂದವರು, ಮಜ್ಜಿಗೆ ಕೊಟ್ಟೆ. ಕುಡಿಯುತ್ತಾ ಒಬ್ಬ ಕೇಳಿದ:

"ಏನಜ್ಜಿ, ಚೆನ್ನಾಗಿದ್ದೀರಾ? ಫ್ಯಾಕ್ಟರಿಯಿಂದ ಏನಾದ್ರೂ ತೊಂದ್ರೆ?"

"ಏನೂ ತೊಂದ್ರೆ ಇಲ್ಲಪ್ಪ, ಚೆನ್ನಾಗಿದ್ದೀವಿ" ಅಂದೆ.

ಮಕ್ಕಳೇ, ನಮ್ಮಲ್ಲಿ ಬಂದವರು ಲೋಟ ಹಿಡಿದಿರುವಾಗ ಕಷ್ಟ ಹೇಳುವುದಿಲ್ಲ. ಹೇಳಿದರೆ ಅವರು ಲೋಟ ಕೆಳಗಿಡಬೇಕಾಗುತ್ತದೆ. ನಿಮ್ಮ ತಾತ ಹೋದ ತಿಂಗಳಲ್ಲೇ ದೂರದಿಂದ ಬಂದ ನೆಂಟರಿಗೆ ಕಾಫಿ ಕೊಟ್ಟು "ಚೆನ್ನಾಗಿದ್ದೀವಿ" ಅಂದವಳು ನಾನು. ಅದು ಉತ್ತರವಲ್ಲ, ಮರ್ಯಾದೆ. ಇವರು ಅದನ್ನು ಉತ್ತರವೆಂದು ಎತ್ತಿಕೊಂಡು ಹೋದರು.

ವಾರ ಕಳೆಯುವುದರೊಳಗೆ ನಲ್ಲಿಯ ಹತ್ತಿರ ಮುನಿರತ್ನಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಅದರಲ್ಲಿ ನಾನು ಸೆರಗು ಸರಿಮಾಡಿಕೊಂಡು ನಗುತ್ತಿದ್ದೆ. ಕೆಳಗೆ ಕಾರ್ಖಾನೆಯ ಹೆಸರು, ಹಿಂದೆ ವಾದ್ಯ.

"ಏನಕ್ಕ, ನನ್ ಹುಳ ನಿನ್ ಕೈಯಾರೆ ತಾನೆ ತಿಪ್ಪೆಗೆ ಹಾಕಿದ್ದು? ನಿನ್ನೆ ಮೊನ್ನೆ ಬಂದೋಳು, ನಮ್ಮೂರಿಗೆಲ್ಲ ನೀನೇ ಸಾಕ್ಷಿನಾ? ಮಗಳಿಗೆ ಅಲ್ಲಿಂದ ಸಂಬಳ, ಇನ್ನೇನು ಅಂತೀಯ ಬಿಡು."

ಬಿಂದಿಗೆ ಅರ್ಧ ತುಂಬಿತ್ತು, ಹಾಗೇ ಎತ್ತಿಕೊಂಡು ಬಂದೆ. ಮರುದಿನದಿಂದ ಹಾಲು ಬರಲಿಲ್ಲ.

ಅತ್ತೆಗೂ ವಿಡಿಯೋ ಎಲ್ಲ ಕಡೆ ಹೋದ ಮೇಲೆಯೇ ಗೊತ್ತಾದದ್ದು. ಅವಳು ಮೇಲಿನವರಿಗೆ ಫೋನ್ ಮಾಡಿದಳು. ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ತೆಗೀಬೇಕಾ? ಶೋಭಾ, ಕ್ಲೈಂಟ್ ತುಂಬಾ ಹ್ಯಾಪಿ ಇದ್ದಾರೆ. ಎಷ್ಟು ನ್ಯಾಚುರಲ್ಲಾಗಿ ಹೇಳಿದ್ದಾರೆ! ನಿಮ್ಮ ತಾಯಿ ಅಂತ ಮಾತ್ರ ಯಾರಿಗೂ ಹೇಳ್ಬೇಡಿ. ಅಮ್ಮಂಗೆ ಒಂದು ಒಳ್ಳೆ ಸೀರೆ ಕೊಡ್ಸಿ, ಆಫೀಸ್ ಲೆಕ್ಕಕ್ಕೆ ಹಾಕಿ."

"ಸರ್, ಅದು ಮನೆಗೆ ಬಂದೋರಿಗೆ ಹೇಳಿದ ಮಾತು."

"ಮಾತು ಮಾತೇ ಅಲ್ವಾ? ಕೆಲ್ಸ ಬೇಕೋ ಬೇಡ್ವೋ ಯೋಚ್ನೆ ಮಾಡಿ" ಎಂದು ಅವರು ನಕ್ಕರು.

ಈ ಸಲ ಅತ್ತೆ ಜೊತೆಗೆ ನಗಲಿಲ್ಲ. ಫೋನ್ ಇಟ್ಟು ನನ್ನ ಮೇಲೆ ರೇಗಿದಳು. "ನೀನ್ಯಾಕಮ್ಮ ಹಂಗಂದೆ?"

"ನೀನ್ಯಾಕೇ ಫೋನಲ್ಲಿ ಹಂಗ್ ನಗ್ತಿದ್ದೆ?" ಅಂದೆ.

ಅವಳು ಮತ್ತೆ ಫೋನ್ ಎತ್ತಿಕೊಂಡು ಚಪ್ಪಲಿ ಮೆಟ್ಟಿ, "ಬಾ ಅಮ್ಮ" ಅಂದಳು.

ಮುನಿರತ್ನಮ್ಮ ಬಾಗಿಲಲ್ಲೇ ನಿಂತಳು. "ಇನ್ನೊಂದು ಸಿನಿಮಾನಾ?"

"ನೀವು ಬೇಡ ಅಂದ್ರೆ ವಾಪಸ್ ಹೋಗ್ತೀವಿ, ಆಂಟಿ" ಅಂದಳು ಅತ್ತೆ. ಮುನಿರತ್ನಮ್ಮ ಹುಳುಮನೆಯ ಕಡೆ ಗದ್ದ ತೋರಿಸಿ ಪಕ್ಕಕ್ಕೆ ಸರಿದಳು.

ಖಾಲಿ ತಟ್ಟೆಗಳ ಮುಂದೆ ಅತ್ತೆಯೇ ಫೋನ್ ಹಿಡಿದಳು. ಏನು ಹೇಳಬೇಕೆಂದು ಹೇಳಿಕೊಡಲಿಲ್ಲ. ನಾನು ಫೋನ್ ನೋಡದೆ ತಟ್ಟೆ ನೋಡುತ್ತಾ, ಎಲೆಯ ಮೇಲಿನ ಬೂದಿ, ಸಂಜೆಯ ವಾಸನೆ, ನಾವಿಬ್ಬರೂ ಮಂಕರಿ ಹೊತ್ತದ್ದು, ಇಷ್ಟನ್ನೇ ಹೇಳಿದೆ. ಬೂದಿ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದವರು ಬಂದು ನೋಡಲಿ ಎಂದೆ. ಕೊನೆಗೆ ಅತ್ತೆ ಕೇಳಿದಳು, "ನೀವು ಯಾರು?"

"ನಾನು ಶೋಭಾಳ ತಾಯಿ."

ಆ ಮಾತನ್ನೂ ಕತ್ತರಿಸದೆ, ಮೊದಲನೆಯ ವಿಡಿಯೋ ಬಂದಿದ್ದ ಗುಂಪುಗಳಿಗೇ ಅವಳು ಕಳಿಸಿದಳು. ಮೇಲಿನವರಿಗೂ ಕಳಿಸಿದಳು.

ಸದ್ಯಕ್ಕೆ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ. ಅತ್ತೆ ಈಗ ಮುದ್ದೆಯನ್ನು ಪೂರ್ತಿ ಉಣ್ಣುತ್ತಾಳೆ; ಆದರೆ ಬಾರದ ಫೋನಿಗಾಗಿ ತಿರುಗಿ ತಿರುಗಿ ನೋಡುತ್ತಾಳೆ. ಬೇರೆ ಆಫೀಸಿನವರು ಇವಳ ಹೆಸರು ಕೇಳಿ ಹಿಂಜರಿಯುತ್ತಿದ್ದಾರಂತೆ. ಜನರ ಫೋನುಗಳಲ್ಲಿ ಎರಡು ವಿಡಿಯೋಗಳೂ ಓಡಾಡುತ್ತಿವೆ. ಮುನಿರತ್ನಮ್ಮ ಮತ್ತೆ ಹಾಲು ತರುತ್ತಾಳೆ. ಹೊಸ್ತಿಲ ಹೊರಗೇ ಇಟ್ಟು "ಹಾಲಕ್ಕ" ಎಂದು ಕೂಗಿ ಹೋಗುತ್ತಾಳೆ, ಕೂರುವುದಿಲ್ಲ. ಇಬ್ಬರೂ ಊರಿಗೆ ಬಂದುಬಿಡಿ ಎಂದು ನಿಮ್ಮ ಅಪ್ಪ ಹೇಳುತ್ತಾನೆ. ಅಲ್ಲಿ ನನ್ನ ಜಗಲಿಯಿದೆ, ನನ್ನ ಮಾತಿದೆ. ಆದರೆ ಹೇಳುವುದನ್ನು ಹೇಳಿ ಎದ್ದು ಹೋದಳೆಂದು ಇಲ್ಲಿಯವರು ಅಂದುಕೊಳ್ಳುವುದು ನನಗೆ ಬೇಡ. ಈ ಊರು ನನ್ನದಾಗಿಲ್ಲ. ಬಿಟ್ಟು ಬರಲೂ ಆಗುತ್ತಿಲ್ಲ.

ಹೋದ ಭಾನುವಾರ ನೀವು ಫೋನಿನಲ್ಲಿ "ಅಜ್ಜಿ, ಚೆನ್ನಾಗಿದ್ದೀಯಾ?" ಎಂದು ಕೇಳಿದಿರಿ. ನಾನು ಸುಮ್ಮನಿದ್ದೆ. ಲೈನ್ ಹೋಯಿತೆಂದು ನೀವು ಇಟ್ಟುಬಿಟ್ಟಿರಿ.

ಲೈನ್ ಇತ್ತು, ಮಕ್ಕಳೇ.