ಭೂಮಿತಾಯಿಯ ಪಾಲು ತಿಂದು ನಡೆದವಳು

ನನ್ನ ಮೊಮ್ಮಗಳು ನಡೆದಳು! ಮೂರು ವರ್ಷ ತುಂಬಲು ಎರಡು ತಿಂಗಳಿರುವಾಗ, ನರೋಣಾ ದಾರಿಯ ನಮ್ಮ ಹೊಲದಲ್ಲಿ, ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ, ತನ್ನ ಕಾಲಿನ ಮೇಲೆ ತಾನೇ ನಡೆದಳು. ಬೇರೆಯವರ ಮಕ್ಕಳು ವರ್ಷಕ್ಕೇ ನಡೆಯುತ್ತವೆ, ಗೊತ್ತು. ಪಾಪ, ಅವಕ್ಕೆ ನಮ್ಮಂಥ ಮನೆಯವರು ಸಿಕ್ಕಿರುವುದಿಲ್ಲ.

ನಿಜಾಮರ ಕಾಲವದು. ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಉರ್ದುವಿನಲ್ಲಿ. ಆದರೆ ಕೂಸು ಸಾಕುವ ವಿದ್ಯೆಯಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಪಂಡಿತರು. ಎಷ್ಟೋ ವರ್ಷದ ಮೇಲೆ ತೊಟ್ಟಿಲು ಕಟ್ಟಿದ್ದೆವು. ಹಾಗಾಗಿ ಕೂಸಿನ ಕಾಲಿಗೆ ನೆಲ ತಾಗಬಾರದೆಂಬ ಕಾಯ್ದೆ ತಾನಾಗಿಯೇ ಬಂತು. ಅಂಗಳದಲ್ಲಿ ಚೇಳು, ಮಣ್ಣಿನಲ್ಲಿ ರೋಗ. ಇನ್ನು ಇರುವೆಗಳಂತೂ ನಮ್ಮ ಕೂಸನ್ನು ಕಚ್ಚಲೆಂದೇ ಹುಟ್ಟಿದವು! ಬೆಳಿಗ್ಗೆ ತಾಯಿಯ ಸೊಂಟ, ಮಧ್ಯಾಹ್ನ ಅಜ್ಜಿಯ ಸೊಂಟ, ಸಂಜೆ ನನ್ನ ಹೆಗಲು. ಹೊರುವುದರಲ್ಲಿ ನಾನೇ ಎಲ್ಲರಿಗಿಂತ ಮುಂದೆ, ಸುಳ್ಳೇಕೆ ಹೇಳಲಿ. ಎರಡೂವರೆ ವರ್ಷ ಹೀಗೆ ಹೊತ್ತು, ಆಮೇಲೆ ಎಲ್ಲರೂ ಕೂಡಿ ಕುಳಿತು ಅತ್ತೆವು: ಕೂಸು ಯಾಕೆ ನಡೆಯುವುದಿಲ್ಲ?

ಹಕೀಮರು ಎಣ್ಣೆ ಕೊಟ್ಟರು. ಕಾಲು ಮಿರಿಮಿರಿ ಮಿಂಚಿದವು, ನಡೆಯಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಸೊಲ್ಲಾಪುರದ ಡಾಕ್ಟರಿಗೆ ತೋರಿಸುವುದೆಂದು ಮಗ ಗಟ್ಟಿ ಮಾಡಿದ. "ಹೆಣ್ಣಕೂಸು, ನಾಳಿ ಕುಂಟಿ ಆದ್ರ..." ಎನ್ನುತ್ತಿದ್ದಳು ಸೊಸೆ. ಮುಂದಿನ ಮಾತು ಅವಳಿಗೂ ಬರುತ್ತಿರಲಿಲ್ಲ, ನಮಗೂ ಬೇಕಿರಲಿಲ್ಲ.

ಹಬ್ಬದ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಜೋಳ ಆಳೆತ್ತರ ನಿಂತಿತ್ತು. ಪೂಜೆ ಮುಗಿಸಿ ಚರಗ ಚೆಲ್ಲಲು ಬುಟ್ಟಿ ಎತ್ತಿಕೊಂಡೆ. ಕಾಳು, ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ಕಡುಬು, ಹೋಳಿಗೆ ಎಲ್ಲವನ್ನೂ ಚೂರು ಚೂರಾಗಿ ಎಸೆದು ಭೂಮಿತಾಯಿಗೆ ಉಣ್ಣಿಸುತ್ತ ಹೊಲ ಸುತ್ತಬೇಕು. ಹಿಂದೆ ಮಗ ನೀರು ಚಿಮುಕಿಸುತ್ತ ಬರಬೇಕು. ಶುರುವಾದರೆ ನಡುವೆ ನಿಲ್ಲುವಂತಿಲ್ಲ, ಹಿಂದೆ ತಿರುಗಿ ನೋಡುವಂತಿಲ್ಲ; ನಮ್ಮ ಮನೆಯ ಪದ್ಧತಿ ಅದು. ಮೊದಲ ಹಿಡಿ ಎಸೆದು "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿದೆ. ಹೆಗಲ ಮೇಲಿದ್ದ ಕೂಸು ಗಾಬರಿಯಾಗಿ ನನ್ನ ರುಮಾಲನ್ನು ಕಣ್ಣ ಮೇಲೆ ಎಳೆಯಿತು. ಮುಂದೆ ಕುಸುಬಿಯ ಮುಳ್ಳಿನ ಸಾಲು!

"ಯಾರರೆ ಕೂಸಿನ್ನ ತಗೋರಿ!"

"ನನ್ನ ಕೈಯಾಗ ನೀರಿನ ಕೊಡ ಅದಪ್ಪಾ," ಎಂದ ಮಗ.

"ಭಜ್ಜಿ ಗಡಿಗಿ ಹಿಡದೀನಿ," ಎಂದಳು ನಮ್ಮಾಕೆ.

"ಎಲಿ ಹಾಸಾಕತ್ತೇನ್ರಿ ಮಾವಾರ," ಎಂದಳು ಸೊಸೆ.

ದಿನಾ ಕೂಸಿಗಾಗಿ ಕಿತ್ತಾಡುವ ಜನ! ಬೇರೆ ದಾರಿ ಇಲ್ಲದೆ ಕೂಸನ್ನು ಕರಿಮಣ್ಣಿನ ಮೇಲೆ ನಿಲ್ಲಿಸಿ ಮುಂದೆ ನಡೆದೆ. ಹಿಂದೆ ಅಳು ಹೊಲ ತುಂಬಿತು. ನೋಡುವಂತಿಲ್ಲ. ಆಮೇಲೆ ಅಳು ನಿಂತಿತು. ನಿಂತದ್ದು ಇನ್ನೂ ಹೆದರಿಕೆ. ಆದರೂ ಎಸೆದೆ, ಕೂಗಿದೆ.

ಅಷ್ಟರಲ್ಲಿ ನಮ್ಮಾಕೆ ಕಿರುಚಿದಳು: "ಏನ್ರೀ! ಕೂಸು ಚರಗಾ ಆರ್ಸಿ ತಿನ್ನಾಕತ್ತದ! ಭೂತಾಯಿ ಪಾಲ ಅದು!"

"ಅತ್ತಿ, ತಿಂದ್ರ ತಿನ್ನಲ್ರಿ," ಎಂದಳು ಸೊಸೆ. "ಆಕಿ ನಡದಾಳ್ರಿ!"

ತಿರುಗಿ ನೋಡಿದೆ. ಒಂದು ಕೈಯಲ್ಲಿ ಜೋಳದ ದಂಟು, ಇನ್ನೊಂದರಲ್ಲಿ ಮಣ್ಣು ಮೆತ್ತಿದ ಕಡುಬು. ಮುಂದಿನ ಚೂರಿಗೆ ಗುಬ್ಬಿ ಹಾರಿ ಬಂದರೆ, ದಂಟು ಬಿಟ್ಟು ಅದನ್ನು ಓಡಿಸಲು ನಾಲ್ಕು ಹೆಜ್ಜೆ. ಬಿದ್ದಳು, ಎದ್ದಳು, ಮತ್ತೆ ಗುಬ್ಬಿಯ ಹಿಂದೆ.

"ಹಿಂದ ತಿರುಗಿ ನೋಡಿದ್ರೆಲ್ಲಾ!" ನಮ್ಮಾಕೆ ಹಣೆ ಬಡಿದುಕೊಂಡಳು.

"ಇನ್ನ ಹತ್ತ ಸರ್ತಿ ನೋಡ್ತೇನಿ, ಸುಮ್ಕಿರ್ ಬೇ!"

ಸೊಸೆ ಎತ್ತಿಕೊಳ್ಳಲು ಓಡಿದಳು. "ಮುಟ್ಟಬ್ಯಾಡವ್ವಾ!" ಎಂದು ಗದರಿಸಿದೆ. ಅಜ್ಜನಾಗಿ ನಾನು ಮಾಡಿದ ಮೊದಲ ಬುದ್ಧಿವಂತ ಕೆಲಸ ಅದು. ಆಮೇಲೆ ಮೊಮ್ಮಗಳು ಕಡಲೆಯ ಎಲೆ ನೆಕ್ಕಿ ಹುಳಿಗೆ ಮುಖ ಕಿವುಚಿ ಮತ್ತೆ ನೆಕ್ಕಿದಳು, ಮಿಡತೆಯ ಹಿಂದೆ ತೆವಳಿದಳು, ಮಣ್ಣಿನ ಹೆಂಟೆ ಒಡೆದು ಒಳಗೇನಿದೆ ಎಂದು ಇಣುಕಿದಳು. ಇರುವೆಯೂ ಕಚ್ಚಿತು. ಯಾರೂ ಸಾಯಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲರೂ ಸಾಲಾಗಿ ಉಣ್ಣಲು ಕುಳಿತೆವು. ಸೊಲ್ಲಾಪುರದ ಮಾತು ಯಾರೂ ಎತ್ತಲಿಲ್ಲ. ನಾಲ್ಕು ತೊಡೆಗಳು ಖಾಲಿ ಕಾಯುತ್ತಿದ್ದವು. ನಮ್ಮ ಪುಟ್ಟ ರಾಣಿ ಒಂದನ್ನೂ ಒಪ್ಪಲಿಲ್ಲ. ಅಪ್ಪನ ತಾಟಿನಲ್ಲಿ ಕಾಲಿಟ್ಟು, ಅಜ್ಜಿಯ ಭಜ್ಜಿ ಚೆಲ್ಲಿ ನನ್ನ ತನಕ ಬಂದಳು. ನನ್ನ ತಾಟಿನ ಕಡುಬು ಎತ್ತಿ ನೆಲಕ್ಕೆ ಎಸೆದಳು, ಹೋಗಿ ಆರಿಸಿ ತಿಂದಳು. ಕಡುಬು ಉಣ್ಣುವ ರೀತಿಯೇ ಅದೆಂದು ತಿಳಿದಿದ್ದಳು. ನಾವೂ ಅದಕ್ಕೇ ಹೂಂ ಅಂದು ಉಂಡೆವು.